ಒಂದೇ ಹೆಸರು, ಎರಡು ಋಣ

ಹೆಸರೆಂಬುದು ಮನುಷ್ಯನಿಗೆ ಹೆತ್ತವರು ಇತ್ತ ಮೊದಲ ಕೊಡುಗೆ. ಆದರೆ ಅದು ಅವನೊಬ್ಬನ ಸ್ವತ್ತಲ್ಲ. ಅಜ್ಜಿಯ ಹೆಸರನ್ನು ಮೊಮ್ಮಗಳಿಗೂ ಅಜ್ಜನ ಹೆಸರನ್ನು ಮೊಮ್ಮಗನಿಗೂ ಇಡುವುದು ಕನ್ನಡ ನಾಡಿನ ಮನೆಮನೆಯ ವಾಡಿಕೆ. ಹೀಗೆ ಒಂದೇ ಹೆಸರು ತಲೆಮಾರಿನಿಂದ ತಲೆಮಾರಿಗೆ ಹರಿದು ಬರುತ್ತದೆ. ಮನೆಯೊಳಗೆ ಇದರಿಂದ ತೊಡಕಿಲ್ಲ. ‘ದೊಡ್ಡ ಚೆನ್ನಮ್ಮ’, ‘ಸಣ್ಣ ಚೆನ್ನಮ್ಮ’ ಎಂದು ಕರೆದರೆ ತೀರಿತು. ಆದರೆ ಚರಿತ್ರೆಯ ವಿಷಯದಲ್ಲಿ ಈ ಎಚ್ಚರ ತಪ್ಪಿದರೆ ಒಬ್ಬರಿಗೆ ಸಲ್ಲಬೇಕಾದ ಋಣವನ್ನು ಇನ್ನೊಬ್ಬರಿಗೆ ಸಲ್ಲಿಸಿದಂತಾಗುತ್ತದೆ.

ಶಾಲೆಯ ವಾರ್ಷಿಕೋತ್ಸವದ ವೇದಿಕೆಯಲ್ಲಿ ಖಡ್ಗ ಹಿಡಿದ ಬಾಲಿಕೆಯನ್ನು ಕಂಡೊಡನೆ ಸಭಿಕರು ‘ಚೆನ್ನಮ್ಮ’ ಎಂದು ಚಪ್ಪಾಳೆ ತಟ್ಟುತ್ತಾರೆ. ಯಾವ ಚೆನ್ನಮ್ಮ ಎಂದು ಕೇಳುವವರು ವಿರಳ. ಈ ಹೆಸರಿನ ವೀರರಾಣಿಯರು ಕನ್ನಡ ನಾಡಿನಲ್ಲಿ ಇಬ್ಬರು ಪ್ರಸಿದ್ಧರು: ಕೆಳದಿಯ ಚೆನ್ನಮ್ಮಾಜಿ ಮತ್ತು ಕಿತ್ತೂರಿನ ಚೆನ್ನಮ್ಮ. ಇಬ್ಬರ ನಡುವಣ ಕಾಲಾಂತರ ಸುಮಾರು ೧೫೦ ವರ್ಷ. ಇಬ್ಬರೂ ವೀರಶೈವ ಅರಸುಮನೆತನಗಳ ರಾಣಿಯರು. ಇಬ್ಬರೂ ಪತಿವಿಯೋಗದ ಅನಂತರ ರಾಜ್ಯದ ಹೊಣೆಯನ್ನು ಹೊತ್ತವರು. ಇಬ್ಬರ ಚರಿತ್ರೆಯಲ್ಲಿಯೂ ದತ್ತುಪುತ್ರನ ಪ್ರಸಂಗವುಂಟು. ಇಬ್ಬರೂ ತಮಗಿಂತ ಬಲಿಷ್ಠವಾದ ಶಕ್ತಿಗೆ ಎದುರು ನಿಂತವರು. ಸಾಮ್ಯ ಇಷ್ಟಿರುವುದರಿಂದಲೇ ಬೆರಕೆ ಸುಲಭವಾಗಿದೆ.

ಕೆಳದಿಯ ಚೆನ್ನಮ್ಮಾಜಿ ಸೋಮಶೇಖರ ನಾಯಕನ ರಾಣಿ. ಪತಿಯ ಮರಣಾನಂತರ ೧೬೭೨ರ ಸುಮಾರಿಗೆ ಅಧಿಕಾರ ವಹಿಸಿಕೊಂಡು, ಬಿದನೂರನ್ನು ರಾಜಧಾನಿಯನ್ನಾಗಿ ಉಳ್ಳ ರಾಜ್ಯವನ್ನು ಸುಮಾರು ೨೫ ವರ್ಷ ಆಳಿದಳು. ೧೬೮೯ರಲ್ಲಿ ಸಂಭಾಜಿ ಮೊಗಲರಿಂದ ಹತನಾದ ಮೇಲೆ, ಅವನ ತಮ್ಮನೂ ಶಿವಾಜಿಯ ಕಿರಿಯ ಮಗನೂ ಆದ ರಾಜಾರಾಮನು ಜಿಂಜಿಯ ಕೋಟೆಯತ್ತ ಹೊರಟಾಗ ಅವನಿಗೆ ಆಶ್ರಯವಿತ್ತು ದಾಟಿಸಿದವಳು ಈಕೆ. ಫಲವಾಗಿ ಔರಂಗಜೇಬನ ಸೇನೆ ಕೆಳದಿಯ ಮೇಲೆ ಬಂದಿತು. ಆಕೆ ಅದನ್ನು ಎದುರಿಸಿ ರಾಜ್ಯವನ್ನು ಉಳಿಸಿಕೊಂಡಳು. ಆಕೆ ದತ್ತು ಪಡೆದ ಬಸವಪ್ಪ ನಾಯಕನು ಮುಂದೆ ಪಟ್ಟವೇರಿದ್ದಲ್ಲದೆ, ಸಂಸ್ಕೃತದಲ್ಲಿ ‘ಶಿವತತ್ತ್ವರತ್ನಾಕರ’ವೆಂಬ ವಿಶ್ವಕೋಶಸದೃಶವಾದ ಗ್ರಂಥವನ್ನು ರಚಿಸಿದನು.

ಕಿತ್ತೂರಿನ ಚೆನ್ನಮ್ಮ ಮಲ್ಲಸರ್ಜ ದೇಸಾಯಿಯ ಕಿರಿಯ ರಾಣಿ. ದೇಸಾಯಿಯ ಮಗ ಶಿವಲಿಂಗರುದ್ರಸರ್ಜನು ೧೮೨೪ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡಾಗ, ಅವನು ಮಾಡಿಕೊಂಡ ದತ್ತಕವನ್ನು ಈಸ್ಟ್ ಇಂಡಿಯಾ ಕಂಪನಿ ಮನ್ನಿಸಲಿಲ್ಲ. ಆ ವರ್ಷದ ಅಕ್ಟೋಬರ್ ೨೩ರಂದು ಕಿತ್ತೂರಿನ ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದನು. ಡಿಸೆಂಬರಿನಲ್ಲಿ ಕಂಪನಿಯ ದೊಡ್ಡ ಸೈನ್ಯ ಬಂದು ಕೋಟೆಯನ್ನು ಹಿಡಿಯಿತು. ರಾಣಿ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು ೧೮೨೯ರ ಫೆಬ್ರವರಿ ೨ರಂದು ದೇಹವಿಟ್ಟಳು.

ಎರಡು ಚರಿತ್ರೆಗಳನ್ನು ಬೇರೆಬೇರೆಯಾಗಿ ಓದಿದಾಗಲೇ ಅವುಗಳ ಅರ್ಥ ತೆರೆಯುತ್ತದೆ. ಹದಿನೇಳನೆಯ ಶತಮಾನದ ರಾಣಿಯ ದತ್ತುಮಗ ಪಟ್ಟವೇರಿ ಗ್ರಂಥಕರ್ತನಾದನು. ಹತ್ತೊಂಬತ್ತನೆಯ ಶತಮಾನದ ರಾಣಿಯ ಮನೆಯ ದತ್ತುಬಾಲಕನಿಗೆ ಪಟ್ಟವೇ ದಕ್ಕಲಿಲ್ಲ. ಮನೆಯ ಉತ್ತರಾಧಿಕಾರವನ್ನು ಮನೆಯವರೇ ನಿರ್ಣಯಿಸುವ ಹಕ್ಕು ನಡುವಣ ಕಾಲದಲ್ಲಿ ಕೈತಪ್ಪಿತ್ತು. ದತ್ತಕವನ್ನು ನಿರಾಕರಿಸಿ ಸಂಸ್ಥಾನಗಳನ್ನು ನುಂಗುವ ನೀತಿಯನ್ನು ಸಾಮಾನ್ಯವಾಗಿ ೧೮೪೮ರಲ್ಲಿ ಬಂದ ಡಾಲ್‌ಹೌಸಿಯ ಹೆಸರಿಗೆ ಜೋಡಿಸುತ್ತಾರೆ. ಅದಕ್ಕೂ ೨೪ ವರ್ಷ ಮೊದಲೇ ಕಿತ್ತೂರು ಅದರ ಕಹಿಯನ್ನುಂಡಿತ್ತು. ಇಬ್ಬರನ್ನೂ ಒಂದಾಗಿಸಿದ ವಿದ್ಯಾರ್ಥಿಗೆ ಇದಾವುದೂ ಕಾಣದು.

ಕಿತ್ತೂರಿನ ರಾಣಿಗೆ ಸಂದ ಗೌರವ ನ್ಯಾಯವಾದದ್ದು. ೧೯೬೧ರಲ್ಲಿ ಆಕೆಯ ಕಥೆ ಚಲನಚಿತ್ರವಾಯಿತು. ೨೦೦೭ರಲ್ಲಿ ದೆಹಲಿಯ ಸಂಸತ್ತಿನ ಆವರಣದಲ್ಲಿ ಪ್ರತಿಮೆ ನಿಂತಿತು. ಆದರೆ ಆ ಕೀರ್ತಿಯ ಬೆಳಕಿನಲ್ಲಿ ಹಿರಿಯ ಚೆನ್ನಮ್ಮಾಜಿ ಮಸುಕಾಗಬಾರದು. ಕಿತ್ತೂರಿನ ಕೀರ್ತಿಗೆ ಕೆಳದಿಯಿಂದ ಕಡ ತರುವ ಅಗತ್ಯವಿಲ್ಲ. ಅವಳವಳ ಗಳಿಕೆ ಅವಳವಳಿಗೆ ಸಾಲದೆ ಬಂದಿಲ್ಲ.

ಇದು ಅರಸುಮನೆಗಳಿಗೆ ಮಾತ್ರ ಸೀಮಿತವಾದ ತೊಡಕಲ್ಲ. ಸಾಹಿತ್ಯದ ವಿದ್ಯಾರ್ಥಿಗಳು ನಾಗವರ್ಮನ ವಿಷಯದಲ್ಲಿ ಇದೇ ಸುಳಿಗೆ ಸಿಕ್ಕುತ್ತಾರೆ. ‘ಛಂದೋಂಬುಧಿ’ಯನ್ನು ರಚಿಸಿದ ನಾಗವರ್ಮ ಹತ್ತನೆಯ ಶತಮಾನದ ಕೊನೆಯ ಭಾಗದವನು, ‘ಕಾವ್ಯಾವಲೋಕನ’, ‘ಕರ್ಣಾಟಕ ಭಾಷಾಭೂಷಣ’ಗಳ ಕರ್ತೃ ಅವನಿಗಿಂತ ಈಚಿನ ಇನ್ನೊಬ್ಬ ನಾಗವರ್ಮ. ಒಬ್ಬನ ಛಂದಸ್ಸನ್ನೂ ಮತ್ತೊಬ್ಬನ ವ್ಯಾಕರಣವನ್ನೂ ಒಂದೇ ತಲೆಯ ಮೇಲೆ ಹೊರಿಸಿದರೆ ಶಾಸ್ತ್ರ ಬೆಳೆದ ಹಾದಿಯೇ ಅಳಿಸಿಹೋಗುತ್ತದೆ.

ಈ ರೋಗಕ್ಕೆ ಮದ್ದನ್ನು ಪೂರ್ವಿಕರೇ ಕಂಡುಕೊಂಡಿದ್ದರು. ಬಸವಣ್ಣನವರ ಅಂಕಿತ ಕೂಡಲಸಂಗಮದೇವ, ಚೆನ್ನಬಸವಣ್ಣನವರದು ಕೂಡಲಚೆನ್ನಸಂಗಮದೇವ. ಹೆಸರುಗಳು ಸಮೀಪವಾಗಿದ್ದರೂ ನಡುವಣ ಒಂದು ಪದ ವಚನವನ್ನು ಅದರ ಒಡೆಯನಿಗೆ ತಲುಪಿಸುತ್ತದೆ. ಶಾಸನಗಳೂ ದಾನಿಯ ಹೆಸರಿನೊಡನೆ ವಂಶ, ಊರು, ಶಕವರ್ಷಗಳನ್ನು ಕಂಡರಿಸಿದವು. ಕಿತ್ತೂರಿನ ಕಾಳಗದಲ್ಲಿ ಸೆರೆಸಿಕ್ಕು ಬಿಡುಗಡೆ ಹೊಂದಿದ ವಾಲ್ಟರ್ ಎಲಿಯಟ್ ಎಂಬ ಆಂಗ್ಲ ಅಧಿಕಾರಿ ಅನಂತರ ಅಂಥ ನೂರಾರು ಕನ್ನಡ ಶಾಸನಗಳ ನಕಲುಗಳನ್ನು ಸಂಗ್ರಹಿಸಿದನೆಂಬುದು ಚರಿತ್ರೆಯ ವಿಚಿತ್ರಗಳಲ್ಲೊಂದು.

ಆದುದರಿಂದ ಉಪಾಧ್ಯಾಯರು ತರಗತಿಯಲ್ಲಿ ಒಂದು ಹೆಸರನ್ನು ಉಚ್ಚರಿಸಿದೊಡನೆ ಮೂರು ಪ್ರಶ್ನೆಗಳನ್ನು ಮಕ್ಕಳಿಂದ ಕೇಳಿಸಬೇಕು: ಯಾವ ಊರು? ಯಾವ ಕಾಲ? ಯಾವ ಕಾರ್ಯ? ಈ ಮೂರಕ್ಕೆ ಉತ್ತರ ದೊರೆತ ಮೇಲೆಯೇ ಹೆಸರು ವ್ಯಕ್ತಿಯಾಗುತ್ತದೆ.

ಈ ಮಾತು ರಾಣಿಯರಿಗೂ ಕವಿಗಳಿಗೂ ಅನ್ವಯಿಸಿ ನಿಲ್ಲುವುದಿಲ್ಲ. ಮಠಗಳ ಆಶ್ರಯದ ವಿದ್ಯಾಸಂಸ್ಥೆಗಳು ಬೆಳೆದದ್ದು ಹಲವು ಕೈಗಳ ದಾಸೋಹದಿಂದ. ಹೊಲ ಬರೆದುಕೊಟ್ಟವರುಂಟು, ಪ್ರಸಾದನಿಲಯಕ್ಕೆ ಜೋಳದ ಚೀಲ ಕಳುಹಿದವರುಂಟು, ದತ್ತಿಯಿಟ್ಟ ವಿಧವೆಯರುಂಟು. ಅವರಲ್ಲಿ ಎಷ್ಟು ಬಸಪ್ಪನವರು, ಎಷ್ಟು ಚೆನ್ನಮ್ಮನವರು! ಗೋಡೆಯ ಕಲ್ಲಿನಲ್ಲಿ ಬರಿಯ ಹೆಸರನ್ನು ಕೆತ್ತಿಸಿದರೆ ಎರಡು ತಲೆಮಾರುಗಳಲ್ಲಿ ಎಲ್ಲರೂ ಒಬ್ಬರಾಗುತ್ತಾರೆ; ಒಬ್ಬರಾದ ಮೇಲೆ ಯಾರೂ ಅಲ್ಲದವರಾಗುತ್ತಾರೆ. ಹೆಸರಿನೊಡನೆ ಊರನ್ನೂ ವರ್ಷವನ್ನೂ ಕೊಟ್ಟ ದಾನವನ್ನೂ ಬರೆಯಿಸಲು ತಗಲುವುದು ಇನ್ನೆರಡು ಸಾಲುಗಳ ವೆಚ್ಚ ಮಾತ್ರ. ಕೊಟ್ಟವರಿಗೆ ಕೀರ್ತಿಯ ಹಂಬಲ ಇರದಿರಬಹುದು. ಪಡೆದವರಿಗೆ ಕೊಟ್ಟವರಾರೆಂಬುದು ತಿಳಿದಿರಲೇಬೇಕು.