ತೇಲುವ ಅರಮನೆಯೂ ಅದರ ತಳಮಹಡಿಯೂ

ಸರಸ್ವತೀಪುರದ ಒಂದು ಸಭಾಂಗಣದಲ್ಲಿ ಈಚೆಗೆ ನಿವೃತ್ತ ದಂಪತಿಗಳು ತಮ್ಮ ಕೆರಿಬಿಯನ್ ಹಡಗು ವಿಹಾರದ ಅನುಭವವನ್ನು ಚಿತ್ರಗಳೊಡನೆ ವರ್ಣಿಸಿದರು. ಖರ್ಚೆಲ್ಲ ಅಮೆರಿಕದಲ್ಲಿರುವ ಮಗನದು. ಏಳು ರಾತ್ರಿಯ ಪ್ರಯಾಣ. ಮಯಾಮಿಯಿಂದ ಹೊರಟು ಮಯಾಮಿಗೇ ವಾಪಸು. ನಾವೂ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದೆವು. ಅವರ ಸಂತೋಷಕ್ಕೆ ಕಲ್ಲು ಹಾಕುವ ಇಚ್ಛೆ ನಮಗಿಲ್ಲ. ಮೂವತ್ತೈದು ವರ್ಷ ಕಚೇರಿಯಲ್ಲಿ ದುಡಿದ ಮನುಷ್ಯ, ಅಷ್ಟೇ ವರ್ಷ ಅಡಿಗೆಮನೆಯಲ್ಲಿ ದುಡಿದ ಆತನ ಹೆಂಡತಿ, ಇಳಿವಯಸ್ಸಿನಲ್ಲಿ ಸಮುದ್ರ ನೋಡಿ ಬಂದರೆ ಯಾರಿಗೆ ನಷ್ಟ? ಸಮಾಜವಾದವೆಂದರೆ ಎಲ್ಲರೂ ಜಗುಲಿಯ ಮೇಲೆ ಕುಳಿತು ಗಂಜಿ ಕುಡಿಯಬೇಕೆಂದು ಯಾರೂ ಹೇಳಿಲ್ಲ. ಬಂಡಿಪಾಳ್ಯದ ಹಮಾಲಿಗೂ ಅವನ ಹೆಂಡತಿಗೂ ವರ್ಷಕ್ಕೆ ಏಳು ದಿನ ಸಮುದ್ರದ ಗಾಳಿ ಸಿಕ್ಕಲಿ ಎನ್ನುವವರು ನಾವು.

ನಮ್ಮ ಜಗಳ ಆ ಮಹನೀಯರು ಕೊನೆಗೆ ಆಡಿದ ಮಾತಿನ ಮೇಲೆ. "ಅಲ್ಲಿ ಸೇವೆ ಎಂದರೆ ಸೇವೆ! ಬೆಳಿಗ್ಗೆ ಆರಕ್ಕೆ ನಗುತ್ತಿದ್ದ ಹುಡುಗ ರಾತ್ರಿ ಹನ್ನೊಂದಕ್ಕೂ ನಗುತ್ತಲೇ ಇದ್ದ. ಸಂಘವಿಲ್ಲ, ಮುಷ್ಕರವಿಲ್ಲ, ಧಿಕ್ಕಾರವಿಲ್ಲ. ನಮ್ಮ ಊರನ್ನು ಕೆಡಿಸಿದ್ದು ಈ ಕೆಂಪು ಬಾವುಟದವರು" ಎಂದರು. ಸಭೆ ಚಪ್ಪಾಳೆ ತಟ್ಟಿತು. ಚಪ್ಪಾಳೆ ತಟ್ಟಿದವರಲ್ಲಿ ಪಿಂಚಣಿ ಪಡೆಯುವವರೇ ಹೆಚ್ಚು. ಆ ಪಿಂಚಣಿ ಯಾವ ಬಾವುಟದ ಹಿಂದೆ ಯಾರು ನಡೆದುದರಿಂದ ಬಂತೆಂದು ಅವರಿಗೆ ಆ ಕ್ಷಣ ಮರೆತಿರಬೇಕು.

ಆಕೆ ಹೇಳಿದ ಒಂದು ಸಂಗತಿಗೆ ಮಾತ್ರ ಚಪ್ಪಾಳೆ ಬರಲಿಲ್ಲ. ಅವರ ಕೋಣೆಯನ್ನು ದಿನಕ್ಕೆರಡು ಬಾರಿ ಓರಣ ಮಾಡಿ, ಹಾಸಿಗೆಯ ಮೇಲೆ ಟವೆಲ್ಲನ್ನು ಮಡಿಸಿ ಒಂದು ದಿನ ಆನೆ, ಒಂದು ದಿನ ಕೋತಿ ಮಾಡಿಡುತ್ತಿದ್ದ ಹುಡುಗ ಹುಣಸೂರು ಕಡೆಯವನಂತೆ. ಆಕೆ ಕನ್ನಡದಲ್ಲಿ ಮಾತಾಡಿಸಿದಾಗ ಅವನ ಮುಖ ಅರಳಿತಂತೆ. ಊರಿಗೆ ಹೋಗಿ ಏಳು ತಿಂಗಳಾಯಿತೆಂದನಂತೆ. ಆಮೇಲೆ ಓಣಿಯ ಕಡೆ ಒಮ್ಮೆ ತಿರುಗಿ ನೋಡಿ, ಇನ್ನೂ ಹತ್ತಾರು ಕೋಣೆ ಇವೆ ಅಮ್ಮ ಎಂದು ಹೊರಟುಹೋದನಂತೆ. ಆ ಟವೆಲ್ಲಿನ ಆನೆಯ ಚಿತ್ರವನ್ನೂ ತೋರಿಸಿದರು. ಮೈಸೂರಿನವರಿಗೆ ಆನೆ ಹೊಸದೇನಲ್ಲ. ಆದರೆ ಆ ಆನೆ ಮಡಿಸಿದ ಕೈಯ ವಿಚಾರ ಆ ಸಭೆಗೆ ಬೇಡವಾಯಿತು. ನಮಗೆ ಬೇಕು.

ಈ ಹಡಗುಗಳೆಂದರೆ ಎಂಥವು? 2024ರ ಜನವರಿಯಲ್ಲಿ ಮಯಾಮಿಯಿಂದ ಮೊದಲ ಯಾನ ಹೊರಟ 'ಐಕಾನ್ ಆಫ್ ದಿ ಸೀಸ್' ಎಂಬುದರಲ್ಲಿ ಹೆಚ್ಚೆಂದರೆ 7,600 ಪ್ರಯಾಣಿಕರಿಗೆ ಸ್ಥಳವಿದೆ. ಅವರ ಊಳಿಗಕ್ಕೆ 2,350 ಸಿಬ್ಬಂದಿ. ಕಟ್ಟಿದ್ದು ಫಿನ್‌ಲೆಂಡಿನಲ್ಲಿ. ಯಜಮಾನ ಸಂಸ್ಥೆಯಾದ ರಾಯಲ್ ಕೆರಿಬಿಯನ್ನಿನ ದೊಡ್ಡ ಕಚೇರಿ ಮಯಾಮಿಯಲ್ಲಿ. ಹತ್ತುವವರಲ್ಲಿ ಬಹುಪಾಲು ಅಮೆರಿಕನ್ನರು. ಹಾಗಾದರೆ ಹಡಗು ಅಮೆರಿಕದ್ದೆನ್ನುವಿರಾ? ಕಂಬದ ಮೇಲೆ ಹಾರುವುದು ಬಹಾಮಾಸ್ ದ್ವೀಪಗಳ ಬಾವುಟ. ಸಂಸ್ಥೆ 1985ರಲ್ಲಿ ನೋಂದಣಿಯಾದುದು ಪಶ್ಚಿಮ ಆಫ್ರಿಕದ ಲೈಬೀರಿಯದಲ್ಲಿ! ಅದರ ಎದುರಾಳಿ ಕಾರ್ನಿವಲ್ ಹುಟ್ಟಿದ್ದು ಪನಾಮಾ ದೇಶದ ಕಾನೂನಿನ ಕೆಳಗೆ. ತಾಯಿ ಒಂದೂರು, ತೊಟ್ಟಿಲು ಒಂದೂರು, ಜಾತಕ ಇನ್ನೊಂದೂರು.

ಇದು ಹುಚ್ಚಾಟವಲ್ಲ, ಪಕ್ಕಾ ಲೆಕ್ಕಾಚಾರ. ನಡುಗಡಲಿನಲ್ಲಿ ಹಡಗಿನ ಮೇಲೆ ನಡೆಯುವುದು ಅದರ ಬಾವುಟದ ದೇಶದ ಕಾನೂನು. ಅಮೆರಿಕದ ಬಾವುಟ ಹಾರಿಸಿದರೆ ಅಮೆರಿಕದ ಕನಿಷ್ಠ ಕೂಲಿ ಕೊಡಬೇಕು, ಅಮೆರಿಕದ ನಾವಿಕರನ್ನೇ ನೇಮಿಸಿಕೊಳ್ಳಬೇಕು, ಲಾಭದ ಮೇಲೆ ತೆರಿಗೆ ಕಟ್ಟಬೇಕು. ಬಡ ದ್ವೀಪದ ಬಾವುಟಕ್ಕೆ ಒಂದಿಷ್ಟು ಶುಲ್ಕ ಬಿಸಾಕಿದರೆ ಇವೆಲ್ಲದರಿಂದ ಬಿಡುಗಡೆ. ಇದಕ್ಕೆ 'ಅನುಕೂಲದ ಬಾವುಟ' ಎಂದೇ ಹೆಸರು. ಯಾರ ಅನುಕೂಲವೆಂದು ಬಿಡಿಸಿ ಹೇಳಬೇಕಿಲ್ಲ. ಅಂತರರಾಷ್ಟ್ರೀಯ ಸಾರಿಗೆ ಕಾರ್ಮಿಕರ ಒಕ್ಕೂಟ ಇದರ ವಿರುದ್ಧ 1948ರಿಂದಲೂ ಹೋರಾಡುತ್ತ ಬಂದಿದೆ. ಇನ್ನೊಂದು ಸ್ವಾರಸ್ಯ: ಪರದೇಶದ ಬಾವುಟದ ಹಡಗು ಅಮೆರಿಕದ ಬಂದರುಗಳ ನಡುವೆಯೇ ಪ್ರಯಾಣಿಕರನ್ನು ಸಾಗಿಸಕೂಡದೆಂದು 1886ರ ಅಮೆರಿಕನ್ ಕಾನೂನೊಂದು ವಿಧಿಸುತ್ತದೆ. ಆದ್ದರಿಂದ ದಾರಿಯಲ್ಲಿ ಒಂದು ಪರದೇಶದ ಬಂದರನ್ನು ಮುಟ್ಟಲೇಬೇಕು. ಬಹಾಮಾಸಿನಲ್ಲಿ ಹಡಗು ಒಂದು ಹಗಲು ನಿಲ್ಲುವುದಕ್ಕೆ ಸಮುದ್ರದ ನೀಲಿ ಮಾತ್ರ ಕಾರಣವಲ್ಲ ಸ್ವಾಮಿ.

ಈಗ ಆ ಹುಡುಗನ ನಗೆಯ ಲೆಕ್ಕ. ನಮ್ಮಲ್ಲಿ ಬಳಪ ಹಿಡಿದವರಿದ್ದಾರೆ; ಲೆಕ್ಕ ಕಷ್ಟವಲ್ಲ. 2006ರಲ್ಲಿ ಜಿನೀವಾದಲ್ಲಿ ನಾವಿಕ ಕಾರ್ಮಿಕರ ಬಗ್ಗೆ ಒಂದು ಅಂತರರಾಷ್ಟ್ರೀಯ ಒಪ್ಪಂದವಾಯಿತು. 2013ರಲ್ಲಿ ಜಾರಿಗೆ ಬಂತು. ಭಾರತ 2015ರಲ್ಲಿ ಒಪ್ಪಿತು. ನಾವಿಕರ ಹಕ್ಕುಪತ್ರವೆಂದು ಅದನ್ನು ಹೊಗಳುತ್ತಾರೆ. ಇಲ್ಲದ ಕಾಲಕ್ಕಿಂತ ಮೇಲು, ಒಪ್ಪಿದೆವು. ಆದರೆ ಒಳಗೆ ಏನಿದೆ ನೋಡಿ. ಬಾವುಟದ ದೇಶ ಎರಡರಲ್ಲೊಂದು ನಿಯಮವನ್ನು ಆರಿಸಿಕೊಳ್ಳಬಹುದು: ವಾರಕ್ಕೆ ಗರಿಷ್ಠ 72 ಗಂಟೆ ಕೆಲಸ, ಇಲ್ಲವೇ ವಾರಕ್ಕೆ ಕನಿಷ್ಠ 77 ಗಂಟೆ ವಿಶ್ರಾಂತಿ. ವಾರಕ್ಕೆ 168 ಗಂಟೆ. ಅದರಲ್ಲಿ 77 ಕಳೆದರೆ 91. ದಿನಕ್ಕೆ ಹದಿಮೂರು ಗಂಟೆ, ಏಳು ದಿನವೂ, ಭಾನುವಾರವಿಲ್ಲದೆ, ಕಾನೂನುಬದ್ಧವಾಗಿ! ನಮ್ಮ ದೇಶದ ಕಾರ್ಖಾನೆ ಕಾನೂನು 1948ರಲ್ಲೇ 48 ಗಂಟೆಯ ವಾರವನ್ನು ಕೊಟ್ಟಿತ್ತು.

ಕೂಲಿ? ಅನುಭವಸ್ಥ ನಾವಿಕನಿಗೆ 2025ರ ಜನವರಿಯಿಂದ ತಿಂಗಳಿಗೆ ಕನಿಷ್ಠ 673 ಡಾಲರ್ ಮೂಲ ವೇತನವೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಗೊತ್ತುಮಾಡಿತು. ವಾರಕ್ಕೆ 48ರಂತೆ ತಿಂಗಳಿಗೆ 208 ಗಂಟೆ; ಭಾಗಿಸಿದರೆ ಗಂಟೆಗೆ ಮೂರೂಕಾಲು ಡಾಲರಿಗೂ ಒಂದು ಕೂದಲೆಳೆ ಕಡಿಮೆ. ಅದೇ ಮಯಾಮಿಯಲ್ಲಿ, ಹಡಗುಕಟ್ಟೆಯ ಎದುರಿನ ಕಾಫಿ ಅಂಗಡಿಯಲ್ಲಿ ಲೋಟ ತೊಳೆಯುವವನಿಗೆ ಫ್ಲಾರಿಡಾ ರಾಜ್ಯದ ಕಾನೂನಿನಂತೆ 2025ರ ಸೆಪ್ಟೆಂಬರ್ 30ರಿಂದ ಗಂಟೆಗೆ 14 ಡಾಲರ್. ನಡುವೆ ಇರುವುದು ಒಂದು ಹಲಗೆ ಸೇತುವೆ. ಆ ಹಲಗೆ ದಾಟಿದೊಡನೆ ಮನುಷ್ಯನ ಬೆಲೆ ನಾಲ್ಕರಲ್ಲೊಂದು ಪಾಲಿಗೂ ಕೆಳಗೆ ಇಳಿಯುತ್ತದೆ. ಕೋಣೆಯ ಹುಡುಗ, ಊಟ ಬಡಿಸುವವ ಇವರ ಸಂಪಾದನೆಯ ದೊಡ್ಡ ಪಾಲಂತೂ ಬಕ್ಷೀಸಿನದು. ದಿನಕ್ಕೆ ತಲಾ 16ರಿಂದ 20 ಡಾಲರನ್ನು ಹಡಗಿನವರೇ ಪ್ರಯಾಣಿಕರ ಲೆಕ್ಕಕ್ಕೆ ಸೇರಿಸುತ್ತಾರೆ. ಯಜಮಾನ ಕೊಡಬೇಕಾದ ಸಂಬಳವನ್ನು ಗಿರಾಕಿಯ ಧರ್ಮಬುದ್ಧಿಗೆ ಒಪ್ಪಿಸಿದಂತಾಯಿತು. ಇದು ಗೊತ್ತಿದ್ದೇ ಹುಡುಗ ರಾತ್ರಿ ಹನ್ನೊಂದಕ್ಕೂ ನಗುತ್ತಾನೆ. ನಗದೆ ಇದ್ದರೆ ಪ್ರಯಾಣಿಕರು ಕೊನೆಯ ದಿನ ತುಂಬುವ ಅಭಿಪ್ರಾಯಪತ್ರದಲ್ಲಿ ಅವನ ಮುಂದಿನ ಕರಾರು ಮುಳುಗುತ್ತದೆ.

ಸಂಘವಿಲ್ಲವೆಂಬ ಮಾತೂ ಪೂರ್ಣ ನಿಜವಲ್ಲ. ಹಲವು ಹಡಗುಗಳಲ್ಲಿ ನಾರ್ವೆ, ಇಟಲಿ ಮೊದಲಾದ ದೇಶಗಳ ನಾವಿಕ ಸಂಘಗಳ ಜೊತೆ ಒಪ್ಪಂದಗಳಿವೆ. ಇಷ್ಟು ಮಟ್ಟಿಗಾದರೂ ಊಟ, ಔಷಧಿ, ವಾಪಸು ಪ್ರಯಾಣದ ಖರ್ಚು ಸಿಗುತ್ತಿದ್ದರೆ ಅದಕ್ಕೆ ನಾವಿಕ ಸಂಘಗಳ ಹೋರಾಟವೂ ಕಾರಣ. ನಮ್ಮ ಮಹನೀಯರು ಹೊಗಳಿದ ಶಿಸ್ತಿನೊಳಗೂ ಅವರು ಬೈದ ಬಾವುಟದ ಒಂದೆರಡು ಎಳೆ ಇದೆ.

ಆಳುಗಳು ಮಲಗುವುದು ನೀರಿನ ಮಟ್ಟದ ಆಸುಪಾಸಿನ, ಅಥವಾ ಅದಕ್ಕೂ ಕೆಳಗಿನ ಮಹಡಿಗಳಲ್ಲಿ. ಒಂದರ ಮೇಲೊಂದು ಹಲಗೆ ಮಂಚ, ಒಂದು ಗೂಡಿಗೆ ಇಬ್ಬರೋ ಮೂವರೋ, ಕಿಟಕಿಯಿಲ್ಲ. ಇದು ಸುಖಕಾಲದ ಮಾತು. ಕಷ್ಟಕಾಲದಲ್ಲಿ ಏನಾಯಿತೆಂಬುದನ್ನು 2020 ತೋರಿಸಿತು. ಜಪಾನಿನ ಯೊಕೊಹಾಮಾದಲ್ಲಿ 'ಡೈಮಂಡ್ ಪ್ರಿನ್ಸೆಸ್' ಹಡಗನ್ನು ಕೊರೊನಾ ಕಾರಣ ಕಟ್ಟಿಹಾಕಿದರು. ಒಳಗಿದ್ದವರು 3,711 ಮಂದಿ. ಅವರಲ್ಲಿ ಏಳುನೂರಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿತು. ಪ್ರಯಾಣಿಕರಿಗೆ ಕೋಣೆಯೊಳಗೆ ಪ್ರತ್ಯೇಕವಾಸ. ಸಿಬ್ಬಂದಿಗೆ? ಅವರು ಅಡಿಗೆ ಮಾಡಬೇಕು, ಬಾಗಿಲು ಬಾಗಿಲಿಗೆ ತಟ್ಟೆ ಒಯ್ಯಬೇಕು, ರಾತ್ರಿ ಅದೇ ಗೂಡಿಗೆ ಮರಳಿ ಒಬ್ಬರ ಉಸಿರನ್ನು ಇನ್ನೊಬ್ಬರು ಕುಡಿಯುತ್ತ ಮಲಗಬೇಕು. ಆ ಸಿಬ್ಬಂದಿಯಲ್ಲಿ 132 ಮಂದಿ ಭಾರತೀಯರು. ಮಾರ್ಚಿನಲ್ಲಿ ಅಮೆರಿಕದ ಬಂದರುಗಳಿಂದ ವಿಹಾರಯಾನ ನಿಂತಮೇಲೆ ಪ್ರಯಾಣಿಕರು ಇಳಿದು ಮನೆ ಸೇರಿದರು. ಸಾವಿರಾರು ಆಳುಗಳು ದಡ ಕಣ್ಣಿಗೆ ಕಾಣುತ್ತಿದ್ದರೂ ಇಳಿಯಲಾರದೆ ತಿಂಗಳುಗಟ್ಟಲೆ ತೇಲಿದರು. ಅವರನ್ನು ಇಳಿಸಿಕೊಳ್ಳಬೇಕಾದವರು ಯಾರು? ಬಹಾಮಾಸೇ, ಲೈಬೀರಿಯವೇ, ಅಮೆರಿಕವೇ? ಬಾವುಟದ ಆಟದ ನಿಜಬಣ್ಣ ಬಯಲಾದುದು ಆಗ.

ದಂಪತಿಗಳು ಜಮೈಕದ ಫಾಲ್ಮೌತ್ ಬಂದರಿನ ಚಿತ್ರಗಳನ್ನೂ ತೋರಿಸಿದರು: ಮುದ್ದಾದ ಹಳೆಯ ಕಟ್ಟಡಗಳು, ಬಣ್ಣದ ಛತ್ರಿಗಳು. ಆ ಊರು ಬೆಳೆದದ್ದು ಸಕ್ಕರೆಯಿಂದ, ಸಕ್ಕರೆ ಬೆಳೆದದ್ದು ಆಫ್ರಿಕದಿಂದ ಹಿಡಿದು ತಂದ ಗುಲಾಮರಿಂದ. ಗುಲಾಮಗಿರಿ ನಿಂತಮೇಲೆ ಕಬ್ಬಿನ ಗದ್ದೆಗೆ ಆಳು ಬೇಕಾಯಿತು. ಆಗ ನೆನಪಾದದ್ದು ಹಿಂದೂಸ್ಥಾನ. 1838ರಲ್ಲಿ ಗಯಾನಕ್ಕೆ, 1845ರಲ್ಲಿ ಟ್ರಿನಿಡಾಡಿಗೂ ಜಮೈಕಕ್ಕೂ ಐದು ವರ್ಷದ ಕರಾರಿನ ಮೇಲೆ ನಮ್ಮವರ ಹಡಗುಗಳು ಹೋದವು. ಹಳ್ಳಿಹಳ್ಳಿ ಸುತ್ತಿ ಆಸೆ ತೋರಿಸಿ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ದಳ್ಳಾಳಿಗಳಿದ್ದರು. ಈ ಕೂಲಿ ಸಾಗಣೆ 1917ರಲ್ಲಿ ನಿಲ್ಲುವಷ್ಟರಲ್ಲಿ ಸುಮಾರು ಐದು ಲಕ್ಷ ಜನ ಆ ಕಡಲಿನ ಸುತ್ತಲ ನಾಡುಗಳಿಗೆ ಹೋಗಿದ್ದರು. ರೋಹನ್ ಕನ್ಹಾಯ್, ಶಿವನಾರಾಯಣ ಚಂದ್ರಪಾಲ್ ಎಂದು ವೆಸ್ಟ್ ಇಂಡೀಸ್ ಆಟಗಾರರ ಹೆಸರನ್ನು ರೇಡಿಯೋದಲ್ಲಿ ಕೇಳಿ ಬೆರಗಾದ ಮೈಸೂರಿನ ಹುಡುಗರಿಗೆ, ಆ ಹೆಸರು ಅಲ್ಲಿಗೆ ಹೇಗೆ ಹೋಯಿತೆಂದು ಯಾವ ಮೇಷ್ಟರು ಹೇಳಿಕೊಟ್ಟರು?

ಹಿಂದೆ ಈ ಹಡಗುಗಳು ಹೈಟಿಗೂ ಹೋಗುತ್ತಿದ್ದವು. ನಮ್ಮ ಟಿಪ್ಪು 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಯಲ್ಲಿ ಬಿದ್ದ ಹೊತ್ತಿಗೆ ಅಲ್ಲಿ ದಂಗೆಯೆದ್ದ ಗುಲಾಮರ ಕೈ ಮೇಲಾಗಿತ್ತು. 1804ರಲ್ಲಿ ಸ್ವತಂತ್ರರೆಂದು ಸಾರಿದರು. ಆ ಸ್ವಾತಂತ್ರ್ಯಕ್ಕೆ ದಂಡವಾಗಿ ಫ್ರಾನ್ಸ್ 1825ರಲ್ಲಿ 15 ಕೋಟಿ ಫ್ರಾಂಕ್ ಕೇಳಿತು. ತಮ್ಮನ್ನು ಕಳೆದುಕೊಂಡ ಯಜಮಾನರಿಗೆ ಗುಲಾಮರೇ ಪರಿಹಾರ ಕೊಡಬೇಕಂತೆ! ಮೊತ್ತವನ್ನು ಆಮೇಲೆ ಇಳಿಸಿದರಾದರೂ, ಅದಕ್ಕಾಗಿ ಮಾಡಿದ ಸಾಲದ ಬಾಲ ತೀರಿದ್ದು 1947ರಲ್ಲಿ. ಆ ದೇಶದ ಉತ್ತರ ದಡದ ಲಬಾಡಿ ಎಂಬ ಕಡಲತೀರವನ್ನು 1986ರಿಂದ ರಾಯಲ್ ಕೆರಿಬಿಯನ್ ಗುತ್ತಿಗೆಗೆ ಹಿಡಿದು ಬೇಲಿ ಹಾಕಿಕೊಂಡಿತು. 2010ರ ಜನವರಿ 12ರಂದು ಭೂಕಂಪವಾಗಿ ಲಕ್ಷಕ್ಕೂ ಮೀರಿ ಜನ ಸತ್ತರು. ಮೂರೇ ದಿನಕ್ಕೆ, ಹೆಣ ತೆಗೆಯುತ್ತಿದ್ದ ರಾಜಧಾನಿಯಿಂದ ನೂರು ಮೈಲಿಯ ಒಳಗೆ, ವಿಹಾರದ ಹಡಗು ಬಂದು ನಿಂತಿತು. ಪರಿಹಾರದ ಸಾಮಾನನ್ನೂ ತಂದಿತ್ತೆಂಬುದನ್ನು ನಾವು ಮುಚ್ಚಿಡುವುದಿಲ್ಲ. ಬೇಲಿಯ ಈಚೆ ಈಜೂ ನಡೆಯಿತು, ಮಾಂಸ ಸುಡುವ ಒಲೆಯೂ ಉರಿಯಿತು ಎಂಬುದನ್ನೂ ಮುಚ್ಚಿಡುವುದಿಲ್ಲ.

ಎಲ್ಲಿಯೋ ಸಮುದ್ರದ ಮೇಲಿನ ಮಾತು, ಚಾಮುಂಡಿಬೆಟ್ಟದ ಕೆಳಗಿನವರಿಗೆ ಏಕೆ ಎನ್ನುವಿರಾ? ಹಡಗಿನ ಕಾನೂನು ದಡ ಹತ್ತುತ್ತಿದೆ, ಅದಕ್ಕೆ. 2023ರಲ್ಲಿ ನಮ್ಮ ವಿಧಾನಮಂಡಲ ಕಾರ್ಖಾನೆ ಕಾನೂನನ್ನು ತಿದ್ದಿ, ವಾರದ 48 ಗಂಟೆಯನ್ನು ಮುಟ್ಟದಿದ್ದರೂ ದಿನದ ಕೆಲಸವನ್ನು 12 ಗಂಟೆಗೆ ಎಳೆಯಲು ದಾರಿ ಮಾಡಿತು. 2024ರಲ್ಲಿ ಕಂಪ್ಯೂಟರ್ ಉದ್ಯಮದವರಿಗೆ ದಿನಕ್ಕೆ 14 ಗಂಟೆ ದುಡಿಸುವ ಪ್ರಸ್ತಾಪ ಬಂತು. ನೌಕರರ ಸಂಘ ಬೀದಿಗಿಳಿದ ಮೇಲೆ ಹಿಂದೆ ಸರಿಯಿತು. "ಅಲ್ಲಿ ಸಂಘವಿಲ್ಲ, ಎಷ್ಟು ಚೆಂದ" ಎಂಬ ಚಪ್ಪಾಳೆಯೇ ಇಂಥ ಪ್ರಸ್ತಾಪಗಳಿಗೆ ನೀರು ಗೊಬ್ಬರ.

ಇನ್ನು ಹುಡುಗರ ಮಾತು. ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಹಡಗಿನ ಊಳಿಗಕ್ಕೆ ಹೋಗುವುದು ಹಳೆಯ ಸಂಗತಿ. ಈಗ ಮೈಸೂರು, ಕೊಡಗು, ಹುಣಸೂರು ಕಡೆಯಿಂದ ಹೋಟೆಲ್ ವಿದ್ಯೆ ಕಲಿತವರೂ ಹೊರಟಿದ್ದಾರೆ. ಹೋಗಲಿ, ಇಲ್ಲಿ ತಿಂಗಳಿಗೆ ಹನ್ನೆರಡು ಸಾವಿರಕ್ಕೆ ತಟ್ಟೆ ಎತ್ತುವವನಿಗೆ ಅಲ್ಲಿಯ ಡಾಲರು ದೊಡ್ಡದಾಗಿ ಕಂಡರೆ ತಪ್ಪು ಅವನದಲ್ಲ. ಆದರೆ ಅವನು ಹಡಗು ಹತ್ತುವ ಮುಂಚೆಯೇ ಮುಳುಗಿಸುವವರು ಊರಲ್ಲಿದ್ದಾರೆ. ನಮ್ಮ ಕಚೇರಿಗೆ ಬಂದ ಒಬ್ಬ ತಾಯಿ, ಮಗನಿಗೆ ಹಡಗಿನ ಕೆಲಸ ಕೊಡಿಸುವುದಾಗಿ ಹೇಳಿದವನಿಗೆ ಓಲೆ, ಸರ ಅಡವಿಟ್ಟು ಎರಡು ಲಕ್ಷ ಕೊಟ್ಟಿದ್ದಳು. ಅವನ ಅಂಗಡಿಗೆ ಈಗ ಬೀಗ. ಕೆಲಸ ಕೊಡಿಸುವುದಕ್ಕೆ ನಾವಿಕನಿಂದ ಹಣ ತೆಗೆದುಕೊಳ್ಳಕೂಡದೆಂದು ಆ 2006ರ ಒಪ್ಪಂದವೇ ಹೇಳುತ್ತದೆ. ಪಾಸ್‌ಪೋರ್ಟು, ನಾವಿಕನ ಪುಸ್ತಕ, ವೈದ್ಯರ ಪ್ರಮಾಣಪತ್ರ ಇವುಗಳ ಖರ್ಚು ಮಾತ್ರ ಅವನದು. ಯಾವ ಏಜೆಂಟರಿಗೆ ಪರವಾನಗಿ ಇದೆಯೆಂಬ ಪಟ್ಟಿ ಮುಂಬಯಿಯ ನೌಕಾಯಾನ ಮಹಾನಿರ್ದೇಶಕರ ಬಳಿ ಇದೆ. ಆ ತಾಯಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಆದ್ದರಿಂದ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯವರನ್ನೂ ಹೋಟೆಲ್ ವಿದ್ಯೆ ಕಲಿಸುವ ಕಾಲೇಜುಗಳನ್ನೂ ನಾವು ಕೇಳುತ್ತೇವೆ: ಆ ಪಟ್ಟಿಯನ್ನು ಕನ್ನಡದಲ್ಲಿ ಬರೆಸಿ ಬಾಗಿಲಲ್ಲಿ ತೂಗುಹಾಕಿ. ಕೆಳಗೆ ದಪ್ಪ ಅಕ್ಷರದಲ್ಲಿ, ಕೆಲಸಕ್ಕೆ ಹಣ ಕೇಳುವವನು ಕಳ್ಳನೆಂದು ಬರೆಯಿರಿ. ಜಿಲ್ಲೆಯಿಂದ ಹಡಗಿಗೆ ಹೋದವರ ಹೆಸರು, ಹಡಗು, ಕರಾರಿನ ಅವಧಿ ಒಂದು ದಾಖಲೆಯಲ್ಲಿರಲಿ. 2020 ಮತ್ತೊಮ್ಮೆ ಬಂದರೆ ಯಾರು ಯಾವ ಕಡಲಿನಲ್ಲಿದ್ದಾರೆಂದು ತಾಯಂದಿರು ಬೀದಿ ಬೀದಿ ಕೇಳುತ್ತ ತಿರುಗಬೇಕಾಗಬಾರದು. ಹಣ ಕಳೆದುಕೊಂಡವರು ರಸೀದಿ ಇರಲಿ ಬಿಡಲಿ ನಮ್ಮ ಕಚೇರಿಗೆ ಬನ್ನಿ. ಪೊಲೀಸರಿಗೆ ಕೊಡುವ ಅರ್ಜಿಯನ್ನು ನಾವೇ ಬರೆದುಕೊಡುತ್ತೇವೆ, ಠಾಣೆಯವರೆಗೆ ಜೊತೆಗೂ ಬರುತ್ತೇವೆ.