ಸೂಜಿಯ ಕಣ್ಣನ್ನು ಅಗಲಿಸುವವರು

ಒಂಟೆ ಸೂಜಿಯ ಕಣ್ಣಿನಲ್ಲಿ ತೂರಿದರೂ ತೂರೀತು, ಹಣವಂತನು ದೇವರ ರಾಜ್ಯವನ್ನು ಹೊಗುವುದು ಅದಕ್ಕಿಂತಲೂ ಕಷ್ಟ ಎಂಬ ತಾತ್ಪರ್ಯದ ಮಾತೊಂದನ್ನು ಯೇಸು ಆಡಿದನೆಂದು ಮತ್ತಾಯ, ಮಾರ್ಕ, ಲೂಕ ಈ ಮೂವರ ಸುವಾರ್ತೆಗಳೂ ಹೇಳುತ್ತವೆ. ಕ್ರೈಸ್ತರಲ್ಲದವರಿಗೂ ಪರಿಚಿತವಾದ ಮಾತು ಇದು; ನಮ್ಮ ಭಾಷಣಕಾರರು ಇದನ್ನು ಧಾರಾಳವಾಗಿಯೇ ಬಳಸಿಕೊಂಡು ಬಂದಿದ್ದಾರೆ. ಆದರೆ ಈಚೆಗೆ ಈ ಮಾತನ್ನೆತ್ತಿದೊಡನೆ ವಿದ್ಯಾವಂತರೊಬ್ಬರು ಮುಗುಳ್ನಕ್ಕು “ಸ್ವಾಮಿ, ಮೂಲದಲ್ಲಿ ಹಾಗಿಲ್ಲ” ಎನ್ನುವುದು ವಾಡಿಕೆಯಾಗಿದೆ. ಒಬ್ಬರು ಅದು ಒಂಟೆಯಲ್ಲ, ಹಗ್ಗ ಎನ್ನುತ್ತಾರೆ. ಇನ್ನೊಬ್ಬರು ಅದು ಸೂಜಿಯಲ್ಲ, ಯೆರೂಸಲೇಮಿನ ಕೋಟೆಯ ಒಂದು ಸಣ್ಣ ಬಾಗಿಲು ಎನ್ನುತ್ತಾರೆ. ಇಬ್ಬರ ಮಾತನ್ನೂ ಒಪ್ಪಿಕೊಂಡರೆ ಹಗ್ಗವೊಂದು ಬಾಗಿಲಲ್ಲಿ ಹಾಯ್ದುಹೋದಂತಾಯಿತು. ಅದಕ್ಕೆ ದೇವರ ಸಹಾಯವೇಕೆ, ಒಬ್ಬ ಕೂಲಿಯಾಳು ಸಾಕು!

ಮೂಲವನ್ನು ನೋಡಬೇಕೆಂಬುದರಲ್ಲಿ ನನಗೆ ಭಿನ್ನಾಭಿಪ್ರಾಯವಿಲ್ಲ. ಹಳಗನ್ನಡ ಕಾವ್ಯಗಳ ಪಾಠಾಂತರಗಳೊಡನೆ ಹೆಣಗಾಡುವುದೇ ಕಸುಬಾಗಿರುವವನು ಬೇರೆ ಮಾತನ್ನಾಡುವಂತೆಯೂ ಇಲ್ಲ. ಆದುದರಿಂದಲೇ ಕೇಳುತ್ತೇನೆ: ‘ಮೂಲದಲ್ಲಿ’ ಎನ್ನುವ ಈ ಮಹನೀಯರು ಮೂಲದಲ್ಲಿರುವ ಶಬ್ದಗಳನ್ನು ನೋಡಿದ್ದಾರೆಯೆ?

ಸುವಾರ್ತೆಗಳು ನಮಗೆ ದೊರೆತಿರುವುದು ಗ್ರೀಕ್ ಭಾಷೆಯಲ್ಲಿ. ಸೂಜಿಗೆ ಮತ್ತಾಯ ಮಾರ್ಕರು ‘ರಾಫಿಸ್’ ಎನ್ನುತ್ತಾರೆ. ಹೊಲಿಗೆಯ ಅರ್ಥವುಳ್ಳ ಧಾತುವಿನಿಂದ ಬಂದ ಶಬ್ದ ಅದು. ಲೂಕನು ‘ಬೆಲೊನೆ’ ಎನ್ನುತ್ತಾನೆ, ಅದೂ ಸೂಜಿಯೇ. (ಲೂಕನು ವೈದ್ಯನಾಗಿದ್ದನೆಂಬ ಸಂಪ್ರದಾಯವನ್ನು ಹಿಡಿದು, ಇದು ಶಸ್ತ್ರಚಿಕಿತ್ಸೆಯ ಸೂಜಿಯೆಂದು ಹಿಗ್ಗಿದವರೂ ಉಂಟು. ಲೂಕನ ವೈದ್ಯಪರಿಭಾಷೆಯೆಂದು ತೋರಿಸಿದ ಶಬ್ದಗಳು ವೈದ್ಯರಲ್ಲದ ಲೇಖಕರಲ್ಲಿಯೂ ಬೇಕಾದಷ್ಟು ಸಿಕ್ಕುತ್ತವೆಂದು ಅಮೆರಿಕದ ಕ್ಯಾಡ್ಬರಿ 1920ರ ಸುಮಾರಿನಲ್ಲಿಯೇ ತೋರಿಸಿಕೊಟ್ಟಿದ್ದಾನೆ. ಅದನ್ನು ಇಲ್ಲಿಗೇ ಬಿಡೋಣ.) ಇನ್ನು ಸೂಜಿಯ ಕಣ್ಣು. ಇಂದು ವಿದ್ವಾಂಸರು ಅಂಗೀಕರಿಸಿರುವ ಪಾಠದಲ್ಲಿ ಮೂವರೂ ಮೂರು ಬೇರೆ ಶಬ್ದಗಳನ್ನು ಬಳಸುತ್ತಾರೆ: ‘ತ್ರುಪೇಮ’, ‘ತ್ರುಮಲಿಯ’, ‘ತ್ರೇಮ’. ಮೂರಕ್ಕೂ ಅರ್ಥ ಒಂದೇ: ಕೊರೆದ ತೂತು. ಸೂಜಿಗೆ ಕಣ್ಣನ್ನಿಟ್ಟವರು ನಾವು. ಗ್ರೀಕರದು ಬರಿಯ ತೂತು. ಈಗ ಯೋಚಿಸಿ. ‘ಸೂಜಿಗಣ್ಣು’ ಎಂಬುದು ಒಂದು ಬಾಗಿಲಿನ ಹೆಸರೇ ಆಗಿದ್ದಲ್ಲಿ, ಮೂವರು ಬರಹಗಾರರು ಅದನ್ನು ಮೂರು ಬಗೆಯಾಗಿ ಬರೆಯುತ್ತಿದ್ದರೆ? ನಮ್ಮ ಕೋಟೆಯೊಂದರ ಆನೆಬಾಗಿಲನ್ನು ಒಬ್ಬನು ಆನೆಬಾಗಿಲೆಂದೂ, ಇನ್ನೊಬ್ಬನು ಗಜದ್ವಾರವೆಂದೂ, ಮತ್ತೊಬ್ಬನು ಕರಿಕವಾಟವೆಂದೂ ದಾರಿಹೋಕರಿಗೆ ಹೇಳಿಯಾನೆ? ಅಂಕಿತನಾಮಕ್ಕೆ ಪರ್ಯಾಯಪದವಿಲ್ಲ. ಮೂವರ ಮನಸ್ಸಿನಲ್ಲಿಯೂ ಇದ್ದದ್ದು ಬಟ್ಟೆ ಹೊಲಿಯುವ ಸಾಮಾನ್ಯ ಸೂಜಿ.

ಆ ಬಾಗಿಲಿನ ಚರಿತ್ರೆಯೂ ಸ್ವಾರಸ್ಯವಾಗಿದೆ. ರಾತ್ರಿ ಹೆಬ್ಬಾಗಿಲು ಮುಚ್ಚಿದ ಮೇಲೆ ಬಂದ ವರ್ತಕನು ಒಂಟೆಯ ಹೊರೆಯನ್ನಿಳಿಸಿ, ಅದನ್ನು ಮೊಣಕಾಲೂರಿಸಿ ಈ ದಿಡ್ಡಿಬಾಗಿಲಿನಲ್ಲಿ ನುಗ್ಗಿಸುತ್ತಿದ್ದನಂತೆ! ಹೊರೆಯೆಂದರೆ ಸಂಪತ್ತು, ಮೊಣಕಾಲೂರುವುದೆಂದರೆ ವಿನಯ. ಎಷ್ಟು ಸೊಗಸಾದ ಸಂಕೇತ! ಪ್ರವಚನಕ್ಕೆ ಇದಕ್ಕಿಂತ ಒಳ್ಳೆಯ ಸರಕು ಸಿಕ್ಕದು. ಆದರೆ ಇಂಥ ಬಾಗಿಲೊಂದಿತ್ತೆಂದು ಯೇಸುವಿನ ಕಾಲದ ಯಾವ ಗ್ರಂಥವೂ ಹೇಳುವುದಿಲ್ಲ. ಹದಿಮೂರನೆಯ ಶತಮಾನದಲ್ಲಿ ತೋಮಸ್ ಅಕ್ವಿನಾಸನು ಸಂಕಲಿಸಿದ ವ್ಯಾಖ್ಯಾನಮಾಲೆಯಲ್ಲಿ ಈ ಕಥೆ ಅನ್ಸೆಲ್ಮನ ಹೆಸರಿನಲ್ಲಿ ಕಾಣಿಸಿಕೊಳ್ಳುತ್ತದೆ. ಎಂದರೆ ಮಾತು ಹುಟ್ಟಿ ಸಾವಿರ ವರ್ಷಗಳಿಗೂ ಮೇಲೆ. ಯಾತ್ರಿಕರಿಗೆ ಬಾಗಿಲನ್ನು ಬೆರಳಿಟ್ಟು ತೋರಿಸುವ ಮಾರ್ಗದರ್ಶಕರೂ ಇದ್ದಾರೆಂದು ಹೇಳಬಹುದು. ಯೇಸು ಕಂಡ ಯೆರೂಸಲೇಮನ್ನು ರೋಮನರು ಕ್ರಿ. ಶ. 70ರಲ್ಲಿ ಹಾಳುಗೆಡಹಿದರು. ಈಗ ಹಳೆಯ ನಗರವನ್ನು ಸುತ್ತಿರುವ ಗೋಡೆ ತುರುಕಿಯ ಸುಲ್ತಾನ ಸುಲೈಮಾನನು 1537ರಿಂದ 1541ರ ವರೆಗೆ ಕಟ್ಟಿಸಿದ್ದು.

ಹಗ್ಗದ ವಾದಕ್ಕೆ ಇದಕ್ಕಿಂತ ಹೆಚ್ಚಿನ ಮರ್ಯಾದೆ ಸಲ್ಲಬೇಕು. ಗ್ರೀಕಿನಲ್ಲಿ ಒಂಟೆ ‘ಕಮೇಲೊಸ್’. ಹಡಗಿನ ದಪ್ಪ ಹಗ್ಗ ‘ಕಮಿಲೊಸ್’. ಕಾಲಕ್ರಮದಲ್ಲಿ ಗ್ರೀಕರ ಏಕಾರವು ಇಕಾರದ ಉಚ್ಚಾರಣೆಯಲ್ಲಿ ಸೇರಿಹೋಗಿ ಎರಡು ಶಬ್ದಗಳೂ ಕಿವಿಗೆ ಒಂದೇ ಆದವು. ನಮ್ಮಲ್ಲಿ ೞಕಾರವು ಳಕಾರದಲ್ಲಿ ಲೀನವಾದ ಮೇಲೆ ಓಲೆಗರಿಗಳಲ್ಲಿ ಆದ ಗೊಂದಲವನ್ನೂ, ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ರೞ, ಕುಳ, ಕ್ಷಳಗಳನ್ನು ಬಿಡಿಸಿ ಹೇಳಬೇಕಾಗಿ ಬಂದುದನ್ನೂ ಬಲ್ಲವರಿಗೆ ಇದು ಹೊಸ ಸಂಗತಿಯಲ್ಲ. ಐದನೆಯ ಶತಮಾನದಲ್ಲಿ ಅಲೆಗ್ಸಾಂಡ್ರಿಯದ ಸಿರಿಲನು ಹಗ್ಗವೆಂದೇ ಅರ್ಥಮಾಡಿದ್ದಾನೆ. ಕೆಲವು ಈಚಿನ ಪ್ರತಿಗಳಲ್ಲಿ ಹಗ್ಗವೇ ಉಂಟು. ಹಾಗಾದರೆ ಹಗ್ಗವನ್ನೇ ಏಕೆ ಒಪ್ಪಬಾರದು?

ಏಕೆಂದರೆ ನಾಲ್ಕನೆಯ ಶತಮಾನದ ವ್ಯಾಟಿಕನ್ ಮತ್ತು ಸಿನಾಯ್ ಪ್ರತಿಗಳೆರಡರಲ್ಲಿಯೂ ಇರುವುದು ಒಂಟೆ. ಇನ್ನೂ ಒಂದು ಮಾತು. ‘ಕಮಿಲೊಸ್’ ಎಂಬ ಶಬ್ದವೇ ಪ್ರಾಚೀನ ಗ್ರೀಕ್ ಸಾಹಿತ್ಯದಲ್ಲಿ ಎಲ್ಲಿದೆ? ಹತ್ತನೆಯ ಶತಮಾನದ ‘ಸೂದ’ ನಿಘಂಟಿನಂಥ ಈಚಿನ ಕೃತಿಗಳಲ್ಲಿದೆ. ಈ ವಾಕ್ಯದ ತೊಡಕನ್ನು ಪರಿಹರಿಸಲೆಂದೇ ಯಾರೋ ಆ ಶಬ್ದವನ್ನು ಟಂಕಿಸಿರಬಹುದೆಂದು ಗ್ರೀಕ್ ಕೋಶಕಾರರಿಗೇ ಸಂಶಯ. ಗ್ರಂಥಸಂಪಾದನೆಯ ಮೊದಲ ಪಾಠ ಇದು: ಎರಡು ಪಾಠಗಳಲ್ಲಿ ಕ್ಲಿಷ್ಟವಾದುದೇ ಸಾಮಾನ್ಯವಾಗಿ ಮೂಲ; ಲಿಪಿಕಾರನು ಕಷ್ಟವನ್ನು ಸುಲಭ ಮಾಡುತ್ತಾನೆಯೇ ಹೊರತು ಸುಲಭವನ್ನು ಕಷ್ಟಮಾಡುವುದಿಲ್ಲ. ಹಗ್ಗವಿದ್ದೆಡೆ ಒಂಟೆಯನ್ನು ತಂದು ನಿಲ್ಲಿಸುವ ಹುಚ್ಚು ಯಾರಿಗೆ? ಒಂಟೆಯನ್ನು ಕಂಡು ಗಾಬರಿಯಾಗಿ ಹಗ್ಗವೆಂದು ತಿದ್ದುವವರು ಮಾತ್ರ ಎಲ್ಲ ಕಾಲದಲ್ಲಿಯೂ ಇದ್ದಾರೆ. ಕುರಾನಿನ ಏಳನೆಯ ಅಧ್ಯಾಯದಲ್ಲಿಯೂ ಈ ಒಂಟೆ-ಸೂಜಿಗಳ ಉಪಮೆ ಬರುತ್ತದೆ. ಅಲ್ಲಿಯೂ ‘ಜಮಲ್’ ಎಂಬುದನ್ನು ‘ಜುಮ್ಮಲ್’ ಎಂದೋದಿ ಹಗ್ಗದ ಅರ್ಥವನ್ನು ಹೇಳುವ ಪಾಠಾಂತರವೊಂದಿದೆ. ಗ್ರೀಕಿನ ಕಷ್ಟ ಅರಬ್ಬಿಗೂ ತಪ್ಪಲಿಲ್ಲ!

ಯೇಸು ಆಡಿದ್ದು ಅರಾಮಿಕ್ ಭಾಷೆ, ಅದರ ‘ಗಮ್ಲಾ’ ಶಬ್ದಕ್ಕೆ ಹಗ್ಗವೆಂದೂ ಅರ್ಥವಿದೆ ಎನ್ನುವವರಿದ್ದಾರೆ. ಸಿರಿಯಾಕ್ ಬೈಬಲ್ಲನ್ನು ಇಂಗ್ಲಿಷಿಗೆ ತಂದ ಲಾಮ್ಸಾ ಎಂಬಾತನ 1957ರ ಅನುವಾದದಲ್ಲಿ ಹಗ್ಗವೇ ಇದೆ. ಆದರೆ ಇದೇ ಮತ್ತಾಯನ ಇಪ್ಪತ್ತಮೂರನೆಯ ಅಧ್ಯಾಯದಲ್ಲಿ, ನುಸಿಯನ್ನು ಸೋಸಿ ಒಂಟೆಯನ್ನು ನುಂಗುವ ಶಾಸ್ತ್ರಿಗಳನ್ನು ಯೇಸು ಹಳಿಯುತ್ತಾನೆ. ಅಲ್ಲಿ ಅವರು ನುಂಗಿದ್ದು ಹಗ್ಗವೆ? ಸಣ್ಣದರ ಮಗ್ಗುಲಿಗೆ ದೊಡ್ಡದನ್ನಿಟ್ಟು ಕೇಳುಗರನ್ನು ಬೆಚ್ಚಿಬೀಳಿಸುವುದು ಅವನ ಮಾತಿನ ರೀತಿ. ಪಾಲಸ್ತೀನದ ಜನ ನಿತ್ಯ ಕಾಣುತ್ತಿದ್ದ ಅತಿ ದೊಡ್ಡ ಪ್ರಾಣಿ ಒಂಟೆ. ಮನೆಯಲ್ಲಿದ್ದ ಅತಿ ಸಣ್ಣ ತೂತು ಸೂಜಿಯದು. ಸಂಕೇತವೆನ್ನುವುದಾದರೆ ಇಷ್ಟೇ ಸಂಕೇತ. ಆನೆಗಳ ಪರಿಚಯವಿದ್ದ ಬಾಬಿಲೋನಿನ ಯೆಹೂದ್ಯರು ‘ತಾಲ್ಮುದ್’ನಲ್ಲಿ ಇದೇ ಸೂಜಿಯಲ್ಲಿ ಆನೆಯನ್ನು ತೂರಿಸುತ್ತಾರೆ, ಅದೂ ಅಸಾಧ್ಯಕ್ಕೆ ನಿದರ್ಶನವಾಗಿಯೇ. ಪುಂಬೆದಿತ ಎಂಬ ಊರಿನ ಪಂಡಿತರು ತಮ್ಮ ತರ್ಕದ ಬಲದಿಂದ ಆನೆಯನ್ನು ಸೂಜಿಯಲ್ಲಿ ಹೊಗಿಸಬಲ್ಲರೆಂಬ ಹಾಸ್ಯವೂ ಅಲ್ಲಿದೆ. ನಮ್ಮ ಬಾಗಿಲುವಾದಿಗಳು ಆ ಊರಿನವರೇ ಇರಬೇಕು.

ಇಷ್ಟೆಲ್ಲ ಏಕೆ? ಆ ಮಾತಿನ ಹಿಂದುಮುಂದುಗಳನ್ನು ಓದಿದರೆ ಸಾಲದೆ? ಇದ್ದುದನ್ನೆಲ್ಲ ಮಾರಿ ಬಡವರಿಗೆ ಕೊಡೆಂದು ಕೇಳಿಸಿಕೊಂಡ ಧನಿಕನೊಬ್ಬನು, ಆಸ್ತಿ ಬಹಳವಿದ್ದ ಕಾರಣ, ಮುಖ ಬಾಡಿಸಿಕೊಂಡು ಹೊರಟುಹೋಗಿದ್ದಾನೆ. ಮತ್ತಾಯನಲ್ಲಿ ಯೇಸು ಮೊದಲು ಬಳಸುವ ಶಬ್ದದ ಅರ್ಥ ‘ಕಷ್ಟದಿಂದ’, ಆಮೇಲೆ ಒಂಟೆ, ಅದಾದ ಮೇಲೆ ಬರುವ ಶಬ್ದ ‘ಅದುನತೊನ್’, ಎಂದರೆ ಅಸಾಧ್ಯ. ಕಷ್ಟದಿಂದ ಅಸಾಧ್ಯಕ್ಕೆ ಏರುವ ಮೆಟ್ಟಿಲಾಗಿ ಒಂಟೆ ನಡುವೆ ನಿಂತಿದೆ. ಅದನ್ನು ಕೇಳಿ ಶಿಷ್ಯರು ದಿಗ್ಭ್ರಮೆಗೊಂಡು, ಹಾಗಾದರೆ ಉದ್ಧಾರವಾಗುವವರು ಯಾರೆಂದು ಕೇಳುತ್ತಾರೆ. ಹೊರೆಯಿಳಿಸಿ ನುಗ್ಗಬಹುದಾದ ಬಾಗಿಲನ್ನು ಕಂಡು ದಿಗ್ಭ್ರಮೆಗೊಳ್ಳುವವರುಂಟೆ? ಇದು ದೇವರಿಗೆ ಮಾತ್ರ ಸಾಧ್ಯವೆಂಬ ಉತ್ತರಕ್ಕಾದರೂ ಆಗ ಏನರ್ಥ?

ಹಗ್ಗ, ಬಾಗಿಲು ಇವೆರಡನ್ನು ಮಾತ್ರ ಕಂಡಿದ್ದರೆ ನಾನು ಇವನ್ನು ಪಂಡಿತರ ವಿನೋದವೆಂದು ಸುಮ್ಮನಿರುತ್ತಿದ್ದೆನೇನೋ. ಮೂರನೆಯದೊಂದಿದೆ. ಮಾರ್ಕನ ಹತ್ತನೆಯ ಅಧ್ಯಾಯದಲ್ಲಿ, ಒಂಟೆಯ ಮಾತಿಗೆ ತುಸು ಮುಂಚೆ, ದೇವರ ರಾಜ್ಯವನ್ನು ಹೊಗುವುದು ಎಷ್ಟು ಕಷ್ಟ ಎಂದಷ್ಟೇ ಸಿನಾಯ್, ವ್ಯಾಟಿಕನ್ ಪ್ರತಿಗಳಲ್ಲಿದೆ. ಈಚಿನ ಬಹುಪಾಲು ಪ್ರತಿಗಳಲ್ಲಿ ‘ಐಶ್ವರ್ಯದಲ್ಲಿ ನಂಬಿಕೆಯಿಟ್ಟವರಿಗೆ’ ಎಂಬ ಅರ್ಥದ ಮಾತು ಸೇರಿಕೊಂಡಿದೆ. ಐಶ್ವರ್ಯವುಳ್ಳವನಿಗಲ್ಲ, ಅದನ್ನು ನಂಬಿದವನಿಗೆ! ಬೊಕ್ಕಸ ತುಂಬಿದ್ದರೂ ‘ನಾನು ಅದನ್ನು ನಂಬಿಲ್ಲ’ ಎಂದುಬಿಟ್ಟರೆ ಮುಗಿಯಿತು. ಲಿಪಿಕಾರನ ನಿಜವಾದ ಕೈತಪ್ಪು ಒಮ್ಮೆ ಎಡಕ್ಕೆ ಬೀಳುತ್ತದೆ, ಒಮ್ಮೆ ಬಲಕ್ಕೆ. ಇಲ್ಲಿ ಹಗ್ಗವೂ ಬಾಗಿಲೂ ಸೇರಿಕೆಯೂ ಒಂದೇ ಮಗ್ಗುಲಿಗೆ, ಹಣವಿದ್ದವನ ಮಗ್ಗುಲಿಗೆ, ಬಿದ್ದಿವೆ. ಬಡವನಿಗೆ ದಾರಿ ಸುಗಮವಾಗುವಂತೆ ಯಾವ ಲಿಪಿಕಾರನೂ ಇಲ್ಲಿ ಒಂದಕ್ಷರವನ್ನು ತಿದ್ದಿದ್ದು ಕಾಣೆ. ಬಸವಣ್ಣನವರ ‘ಉಳ್ಳವರು’ ಎಂಬ ಶಬ್ದಕ್ಕೂ ನಾಳೆ ಯಾರಾದರೂ ಹೀಗೆಯೇ ‘ಅಹಂಕಾರವುಳ್ಳವರು’ ಎಂದು ಟೀಕೆ ಬರೆದಾರು, ಈಗಲೇ ಎಚ್ಚರಿಸಿರುತ್ತೇನೆ.

ಧನಿಕರಿಗೆ ಸಮಾಧಾನ ಹೇಳಲೇಬಾರದೆಂದಲ್ಲ. ಕ್ರಿ. ಶ. 200ರ ಸುಮಾರಿನಲ್ಲಿ ಅಲೆಗ್ಸಾಂಡ್ರಿಯದ ಕ್ಲೆಮೆಂಟನು, ಎಂಥ ಧನಿಕನಿಗೆ ಮುಕ್ತಿಯೆಂಬ ಈ ಪ್ರಶ್ನೆಯನ್ನೆತ್ತಿಕೊಂಡೇ ಒಂದು ಗ್ರಂಥವನ್ನು ಬರೆದ. ಬಿಡಬೇಕಾದದ್ದು ಮುಖ್ಯವಾಗಿ ಹಣದ ಮೋಹವನ್ನು ಎಂದು ಅವನ ವಾದ; ಎಲ್ಲರೂ ಹಣವನ್ನು ಬಿಸುಟರೆ ಹಸಿದವರಿಗೆ ಅನ್ನವಿಕ್ಕುವವರು ಯಾರು ಎಂದೂ ಕೇಳುತ್ತಾನೆ. ನನಗೆ ಆ ವಾದ ಪೂರ್ತಿಯಾಗಿ ಒಪ್ಪಿಗೆಯಾಗಿಲ್ಲ. ಆದರೆ ಅವನು ಒಂಟೆಯನ್ನು ಹೊಸೆದು ಹಗ್ಗ ಮಾಡಲಿಲ್ಲ, ಸೂಜಿಯನ್ನು ಕೆತ್ತಿ ಬಾಗಿಲು ಮಾಡಲಿಲ್ಲ. ಮಾತನ್ನು ಇದ್ದಂತೆಯೇ ಇರಗೊಟ್ಟು ತನ್ನ ವಾದವನ್ನು ತನ್ನ ಹೆಸರಿನಲ್ಲಿಯೇ ಹೂಡಿದ. ಇಂದಿನವರೂ ಅದನ್ನೇ ಮಾಡಲಿ. ಗ್ರೀಕ್ ನಿಘಂಟನ್ನು ಮುಂದೆ ನಿಲ್ಲಿಸಿ ಅದರ ಮರೆಯಲ್ಲಿ ನಿಂತು ಮಾತನಾಡುವುದು ಬೇಡ.