ಲೈನಿನ ಜಾಗ ಹರಾಜಾಗಲಿ, ಹಣದ ಲೆಕ್ಕ ಸಿಗಲಿ

ಹೂಮಳೆ ಕೈಕೊಟ್ಟ ವರ್ಷ ಮೂಡಿಗೆರೆ, ಕಳಸದ ರೊಬಸ್ಟಾ ಕಾಫಿ ತೋಟಗಳಲ್ಲಿ ನೀರು ಹಾಯಿಸಲು ಎಲ್ಲರ ಮೋಟಾರೂ ಒಟ್ಟಿಗೇ ಶುರುವಾಗಬೇಕು. ಮೊಗ್ಗು ಯಾರಿಗೂ ಕಾಯುವುದಿಲ್ಲ. ರಾಜ್ಯದಲ್ಲಿ ಕರೆಂಟಿಗೆ ಬೇಡಿಕೆ ಏರುವುದೂ ಅದೇ ಹೊತ್ತಿಗೆ, ಮಾರ್ಚ್‌ನಲ್ಲಿ. ಹೊರಗಿನಿಂದ ಕೊಳ್ಳಲು ದುಡ್ಡಿದ್ದರೆ ಸಾಲದು, ಅದು ಬರುವ ಲೈನಿನಲ್ಲಿ ಜಾಗವೂ ಬೇಕು. ಆ ಜಾಗ ಸಾಲದಾದಾಗ ಹರಾಜು ಹಾಕಿ ಎಂದರೆ, ಅದು ದುಡ್ಡಿದ್ದವರ ಪಾಲಾಗುತ್ತದೆ ಎಂಬ ಆಕ್ಷೇಪ ಬರುತ್ತದೆ. ನಾನು ಹರಾಜಿನ ಪರ.

ಹರಾಜಿನ ಬದಲು ಸರದಿ ಸಾಲಿನಲ್ಲಿ ಹಂಚಿದರೆ ಅದು ಬಡವರನ್ನು ಕಾಯುತ್ತದೆಂಬುದು ಬರೀ ನಂಬಿಕೆ. 2008ರಲ್ಲಿ ‘ಮೊದಲು ಬಂದವರಿಗೆ ಮೊದಲು’ ಎಂದು ಹಂಚಿದ 2ಜಿ ತರಂಗಾಂತರ ಎಲ್ಲಿಗೆ ಮುಟ್ಟಿತು? 2012ರಲ್ಲಿ ಸುಪ್ರೀಂ ಕೋರ್ಟ್ 122 ಲೈಸೆನ್ಸ್ ರದ್ದು ಮಾಡಬೇಕಾಯಿತು. ಸಾಲಿನ ಮುಂದೆ ನಿಲ್ಲುವುದು ಸುದ್ದಿ ಮೊದಲೇ ತಿಳಿದವರು.

ದಕ್ಷಿಣದ ಗ್ರಿಡ್ ದೇಶದ ಗ್ರಿಡ್‌ನೊಂದಿಗೆ ಒಂದಾದದ್ದೇ 2013ರ ಡಿಸೆಂಬರ್ 31ರಂದು, ರಾಯಚೂರು–ಸೊಲ್ಲಾಪುರ 765 ಕೆ.ವಿ. ಲೈನಿನಿಂದ. ಆಮೇಲೂ ಲೈನ್ ತುಂಬಿದ ದಿನಗಳಲ್ಲಿ ವಿದ್ಯುತ್ ವಿನಿಮಯ ಕೇಂದ್ರದಲ್ಲಿ ನಮ್ಮ ಕಡೆಯ ದರ ಉತ್ತರದ್ದಕ್ಕಿಂತ ಮೇಲಿರುತ್ತಿತ್ತು. ಆ ವ್ಯತ್ಯಾಸವೇ ಲೈನಿನ ಜಾಗದ ಬೆಲೆ. ಹರಾಜು ಹಾಕದಿದ್ದರೆ ಆ ಬೆಲೆ ಮಾಯವಾಗುವುದಿಲ್ಲ, ಜಾಗ ದಕ್ಕಿಸಿಕೊಂಡವರ ಜೇಬು ಸೇರುತ್ತದೆ. ಯುರೋಪಿನಲ್ಲಿ ದೇಶದಿಂದ ದೇಶಕ್ಕೆ ಹೋಗುವ ಲೈನುಗಳ ಜಾಗವನ್ನು ವರ್ಷಕ್ಕೆ, ತಿಂಗಳಿಗೆ ಎಂದು ಬಹಿರಂಗವಾಗಿಯೇ ಹರಾಜು ಹಾಕುತ್ತಾರೆ.

ಹಾಗಾದರೆ ಜಗಳ ಎಲ್ಲಿ? ಹಣದಲ್ಲಿ. ತೊಂಬತ್ತರ ದಶಕದಲ್ಲಿ ಮುಕ್ತ ಮಾರಾಟ ಬರುವವರೆಗೆ ನಮ್ಮ ಹಿರಿಯರು ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲ್‌ಗೆ ಒಪ್ಪಿಸುತ್ತಿದ್ದರು. ಬೋರ್ಡು ಹರಾಜು ಹಾಕುತ್ತಿತ್ತು, ಹಣ ಕಂತು ಕಂತಾಗಿ ಬರುತ್ತಿತ್ತು. ಅವರ ಸಿಟ್ಟು ಹರಾಜಿನ ಮೇಲಲ್ಲ, ಕಂತಿಗಾಗಿ ಕಾದು ಕೂರುವುದರ ಮೇಲೆ. ಇಂದು ವಿನಿಮಯ ಕೇಂದ್ರದಲ್ಲಿ ಲೈನ್ ತುಂಬಿದಾಗ ಉಳಿಯುವ ದರ ವ್ಯತ್ಯಾಸದ ಹಣ ವಿದ್ಯುತ್ ವ್ಯವಸ್ಥೆ ಅಭಿವೃದ್ಧಿ ನಿಧಿಗೆ ಹೋಗುತ್ತದೆ, ದೇಶಕ್ಕೆಲ್ಲ ಒಂದೇ ನಿಧಿ. ಇಕ್ಕಟ್ಟು ಅನುಭವಿಸಿದವರು ದಕ್ಷಿಣದವರಾದರೆ ಆ ಹಣ ಮೊದಲು ದಕ್ಷಿಣದ ಲೈನಿಗೇ ಖರ್ಚಾಗಬೇಕು. ಹೂ ಅರಳಿಸುವ ತಿಂಗಳುಗಳಲ್ಲಿ ಮೆಸ್ಕಾಂನಂಥ ಸರಬರಾಜು ಕಂಪನಿಗಳಿಗೆ ನೀರಾವರಿಗೆ ಬೇಕಾದಷ್ಟು ಜಾಗ ಹರಾಜಿನಿಂದ ಹೊರಗಿರಬೇಕು. ಈ ಎರಡು ಷರತ್ತಿಲ್ಲದ ಹರಾಜನ್ನು ನಾನೂ ವಿರೋಧಿಸುತ್ತೇನೆ.

ಮೆಸ್ಕಾಂ ದರದ ಬಗ್ಗೆ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ (ಕೆಇಆರ್‌ಸಿ) ಸಾರ್ವಜನಿಕ ವಿಚಾರಣೆ ನಡೆಸುವಾಗ ನಮ್ಮ ಬೆಳೆಗಾರರ ಸಂಘಗಳು 10 ಎಚ್‌ಪಿ ಪಂಪ್‌ಸೆಟ್ಟಿನ ಬಿಲ್ಲಿನ ವಿಷಯದ ಜೊತೆಗೆ ಈ ಎರಡು ಷರತ್ತುಗಳನ್ನೂ ಲಿಖಿತವಾಗಿ ಮಂಡಿಸಲಿ.